ಗೇಟು, ಕ್ಯಾಮೆರಾ, ಹೆಲ್ಮೆಟ್ಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸುರಕ್ಷತೆ ಅಂತ ಹೇಳಿ ನಿಮ್ಮನ್ನು ಯಾರು, ಎಲ್ಲಿ ತಡೆದರು, ಅದು ಸರಿ ಅನಿಸಿತೋ ಇಲ್ಲವೋ ಬರೆಯಿರಿ ಎಂದು ಹೋದ ತಿಂಗಳು ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದವು. ಕೆಲವು ಬರೀ ಬೈಗುಳ, ಅವನ್ನು ಬದಿಗಿಟ್ಟಿದ್ದೇನೆ. ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಇದೆ. ನಾನು ವಕೀಲನಲ್ಲ, ಕೋರ್ಟಿನ ಸುದ್ದಿ ಬರೆದುಕೊಂಡು ಬಂದವನು. ನಿಮ್ಮ ಮೇಲೆ ಕೇಸೇ ಇದ್ದರೆ ಈ ಪುಟ ಮಡಚಿಟ್ಟು ಮೊದಲು ವಕೀಲರನ್ನು ನೋಡಿ.

ಪ್ರಶ್ನೆ (ಶಿವಮೊಗ್ಗದಿಂದ): ನನ್ನ ತಲೆ, ನನ್ನ ಬೈಕು. ಬಿದ್ದರೆ ಒಡೆಯೋದು ನನ್ನ ತಲೆ ತಾನೇ? ಬೇರೆಯವರಿಗೆ ಏನೂ ತೊಂದರೆ ಇಲ್ಲದಿರುವಾಗ ಸರ್ಕಾರ ಯಾಕೆ ದಂಡ ಹಾಕಬೇಕು? ಸಾಲದ್ದಕ್ಕೆ ಹಿಂದೆ ಕೂತ ಹೆಂಡತಿಗೂ ಹೆಲ್ಮೆಟ್ ಅಂತೆ.

ಉತ್ತರ: ಬಿದ್ದರೆ ಆಸ್ಪತ್ರೆ ಖರ್ಚು ಸಮಾಜದ ಮೇಲೆ ಬೀಳುತ್ತದೆ ಅಂತ ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ. ನನಗೆ ಆ ಉತ್ತರ ಅಷ್ಟಾಗಿ ಹಿಡಿಸುವುದಿಲ್ಲ. ಅದೇ ಲೆಕ್ಕ ಹಿಡಿದು ಹೊರಟರೆ ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಇದ್ದೂ ಹೋಳಿಗೆ ಬಿಡದವರಿಗೆ, ಎಲ್ಲರಿಗೂ ದಂಡದ ರಸೀದಿ ಹರಿಯಬೇಕಾಗುತ್ತದೆ.

ನಾನು ನೋಡುವುದು ಬೇರೆ ಕಡೆಯಿಂದ. ಈ ನಿಯಮ ನಿಮ್ಮಿಂದ ಕಿತ್ತುಕೊಳ್ಳುವುದಾದರೂ ಏನು? ಸ್ವಲ್ಪ ಸೆಕೆ, ಸ್ವಲ್ಪ ಕೆದರಿದ ಕೂದಲು. ಎಲ್ಲಿಗೆ ಹೊರಟಿರಿ ಅಂತ ಕೇಳುವುದಿಲ್ಲ, ಯಾರ ಜೊತೆ ಅಂತ ಕೇಳುವುದಿಲ್ಲ, ನಿಮ್ಮ ಬಗ್ಗೆ ಎಲ್ಲೂ ಏನೂ ಬರೆದಿಟ್ಟುಕೊಳ್ಳುವುದಿಲ್ಲ, ಬೈಕಿನಿಂದ ಇಳಿದರೆ ಅಲ್ಲಿಗೆ ಮುಗಿಯಿತು. ಮಂತ್ರಿ ಮಗನಿಗೂ ಹಾಲು ಹಾಕುವವರಿಗೂ ನಿಯಮ ಒಂದೇ. ಇಷ್ಟು ಅಗ್ಗದ ನಿರ್ಬಂಧ ಇನ್ನೊಂದು ಸಿಗುವುದು ಕಷ್ಟ. ಅದಕ್ಕೇ ನಾನು ಇದರ ಪರ.

ಅಲ್ಲದೆ ಇದು ಬಾಯಿಮಾತಿನ ನಿಯಮ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂನಲ್ಲಿದೆ, ಓಡಿಸುವವರಿಗೂ ಹಿಂದೆ ಕೂರುವವರಿಗೂ. ಪೇಟ ಕಟ್ಟುವ ಸಿಖ್ಖರಿಗೆ ಅದೇ ಕಲಂ ವಿನಾಯ್ತಿ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರ ವಿಷಯದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. 2019ರಲ್ಲಿ ಕೇಂದ್ರ ದಂಡವನ್ನು 1000 ರೂಪಾಯಿಗೆ ಏರಿಸಿದಾಗ ಜನ ಕೂಗಾಡಿದರು, ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಬರೆದಿಟ್ಟ ನಿಯಮದ ಲಾಭ ಇದೇ. ಜಗಳ ಆಡುವುದಕ್ಕೆ ಎದುರಿಗೆ ಏನೋ ಒಂದು ಇರುತ್ತದೆ.

ಹೆಂಡತಿಯ ವಿಷಯ. ಹೆಲ್ಮೆಟ್ ಬೇಡ ಅಂದಿದ್ದು ಅವರೋ ನೀವೋ? ಪತ್ರದಲ್ಲಿ ಅದು ಗೊತ್ತಾಗಲಿಲ್ಲ.

ಪ್ರಶ್ನೆ (ಮೈಸೂರಿನಿಂದ): ಎದುರು ಮನೆಯವರು ಕಳ್ಳರ ಭಯ ಅಂತ ಸಿಸಿಟಿವಿ ಹಾಕಿಸಿದ್ದಾರೆ. ಅದು ನೇರವಾಗಿ ನಮ್ಮ ಬಾಗಿಲನ್ನು, ಮಹಡಿ ಮೇಲೆ ಬಟ್ಟೆ ಒಣಹಾಕುವ ಜಾಗವನ್ನು ನೋಡುತ್ತಿದೆ. ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲ ಅವರಿಗೆ ಗೊತ್ತು. ಕೇಳಿದರೆ "ತಪ್ಪು ಮಾಡದವರಿಗೆ ಯಾಕೆ ಭಯ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅವರ ಬಾತ್‌ರೂಮಿಗೂ ಚಿಲಕ ಇದೆಯಲ್ಲ, ಒಳಗೆ ಅವರು ಯಾವ ತಪ್ಪು ಮಾಡುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಜಗಳ ಆಗುತ್ತದೆ ಅನಿಸಿದರೆ ಬೇಡ ಬಿಡಿ.

"ತಪ್ಪು ಮಾಡದವರಿಗೆ ಯಾಕೆ ಭಯ" ಅನ್ನುವ ಮಾತಿಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ಇತಿಹಾಸವೇ ಇದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬುವರ ಮೇಲೆ ದರೋಡೆ ಆರೋಪ ಇತ್ತು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಆದರೂ ಪೊಲೀಸರು ಅವರ ಹೆಸರಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಎಬ್ಬಿಸಿ ನೋಡಿಕೊಂಡು ಹೋಗುತ್ತಿದ್ದರು. ಇವರು ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ಕೋರ್ಟು ರಾತ್ರಿ ಬಾಗಿಲು ಬಡಿಯುವುದನ್ನು ನಿಲ್ಲಿಸಿತು, ಆದರೆ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ, ಖಾಸಗಿತನ ಅನ್ನುವ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ ಅಂದಿತು. ಆ ಅರ್ಧ ತೀರ್ಪು ಐವತ್ತೈದು ವರ್ಷ ಹಾಗೇ ನಿಂತಿತ್ತು.

ಅದನ್ನು ಅಲುಗಾಡಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಎಂಬತ್ತು ದಾಟಿದ ಹಿರಿಯರು, ಬೆಂಗಳೂರಿನಲ್ಲಿ ಆರಾಮಾಗಿ ಇರಬಹುದಿತ್ತು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಹಕ್ಕೇ ಹೌದು ಅಂದರು. ಸರ್ಕಾರ ಅದಕ್ಕೆ ಕೈ ಹಾಕಬೇಕಾದರೆ ಮೊದಲು ಕಾನೂನು ಇರಬೇಕು, ಕಾರಣ ನಿಜವಾಗಿ ಇರಬೇಕು, ಕಿತ್ತುಕೊಳ್ಳುವುದು ಆ ಕಾರಣಕ್ಕೆ ತಕ್ಕಷ್ಟೇ ಇರಬೇಕು ಅಂತಲೂ ಹೇಳಿದರು. ಪುಟ್ಟಸ್ವಾಮಿ 2024ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ, ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ.

ಈಗ ನಿಮ್ಮ ಎದುರು ಮನೆಗೆ ಬರೋಣ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಕೆಲಸ ಮಾಡುವಂಥದ್ದು, ನೆರೆಯವರ ಕ್ಯಾಮೆರಾ ಇಂಥ ದಿಕ್ಕಿಗೇ ಇರಬೇಕು ಅಂತ ಅಳೆದು ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಆದರೆ ಕೋರ್ಟುಗಳು ಸುಮ್ನೆ ಕೂತಿಲ್ಲ. ಒಂದೇ ಮನೆಯಲ್ಲಿ ಇರುವ ಅಣ್ಣತಮ್ಮಂದಿರ ಜಗಳದಲ್ಲಿ, ಒಬ್ಬರ ಒಪ್ಪಿಗೆ ಇಲ್ಲದೆ ಅವರು ವಾಸಿಸುವ ಭಾಗಕ್ಕೆ ಕ್ಯಾಮೆರಾ ತಿರುಗಿಸುವಂತಿಲ್ಲ ಅಂತ ಕಲ್ಕತ್ತಾ ಹೈಕೋರ್ಟು 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟು ಅದರಲ್ಲಿ ಕೈ ಹಾಕಲಿಲ್ಲ. ಇನ್ನು ಹೆಂಗಸರು ಖಾಸಗಿಯಾಗಿರುವಾಗ ಕದ್ದು ನೋಡಿದರೆ, ಚಿತ್ರ ತೆಗೆದರೆ, ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ನೇರ ಅಪರಾಧ. ಕ್ಯಾಮೆರಾ ನಿಮ್ಮ ಮಲಗುವ ಕೋಣೆಯ ಕಿಟಕಿಗೋ ಸ್ನಾನದ ಮನೆಗೋ ಇಣುಕುತ್ತಿದ್ದರೆ ಮಾತುಕತೆಯ ಹಂತ ಮುಗಿದಿದೆ ಅಂತಲೇ ತಿಳಿಯಿರಿ.

ಬರೀ ಬಾಗಿಲು, ಮಹಡಿ ಅನ್ನುವುದಾದರೆ ಮೊದಲು ಒಂದು ಸಣ್ಣ ಕೆಲಸ ಮಾಡಿ. ಈಗಿನ ಬಹಳಷ್ಟು ಕ್ಯಾಮೆರಾಗಳಲ್ಲಿ ಪ್ರೈವೆಸಿ ಮಾಸ್ಕ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ಚಿತ್ರದಲ್ಲಿ ಬೇಡವಾದ ಭಾಗವನ್ನು ಕಪ್ಪು ಚೌಕದಿಂದ ಮುಚ್ಚಬಹುದು, ಆಮೇಲೆ ಆ ಭಾಗ ರೆಕಾರ್ಡೇ ಆಗುವುದಿಲ್ಲ. ಕ್ಯಾಮೆರಾ ತೆಗೆಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ನಿಮ್ಮ ಗೇಟು, ನಿಮ್ಮ ಕಾರು ಪೂರ್ತಿ ಕಾಣಲಿ, ನಮ್ಮ ಮಹಡಿ ಮಾತ್ರ ಮುಚ್ಚಿ ಅಂದರೆ ಒಪ್ಪುವ ಸಾಧ್ಯತೆ ಜಾಸ್ತಿ. ಅಳವಡಿಸಿದ ಹುಡುಗನನ್ನೇ ಕರೆಸಿದರೆ ಬೇಗ ಆಗುವ ಕೆಲಸ. ಅದಕ್ಕೂ ಒಪ್ಪದಿದ್ದರೆ ಅವರಿಗೆ ಕಳ್ಳರ ಭಯಕ್ಕಿಂತ ನಿಮ್ಮ ಮನೆಯ ಸುದ್ದಿಯೇ ಹೆಚ್ಚು ಬೇಕಾಗಿದೆ ಅಂತ ಅರ್ಥ. ಆಗ ಬರಹದಲ್ಲಿ ಒಂದು ಪತ್ರ ಕೊಡಿ, ನಕಲು ಇಟ್ಟುಕೊಳ್ಳಿ. ಮುಂದೆ ಠಾಣೆಗೋ ಸಿವಿಲ್ ಕೋರ್ಟಿಗೋ ಹೋದರೆ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ (ಬೆಂಗಳೂರಿನಿಂದ, ವಿದ್ಯಾರ್ಥಿನಿ): ನಮ್ಮ ಪಿಜಿಯಲ್ಲಿ ರಾತ್ರಿ ಒಂಬತ್ತೂವರೆಗೆ ಗೇಟಿಗೆ ಬೀಗ. ಪಕ್ಕದಲ್ಲೇ ಅದೇ ಓನರ್‌ನ ಹುಡುಗರ ಪಿಜಿ ಇದೆ, ಅಲ್ಲಿ ಗೇಟೇ ಮುಚ್ಚುವುದಿಲ್ಲ. ಲೈಬ್ರರಿಯಿಂದ ಬರುವಾಗ ಬಸ್ಸು ತಡವಾಗಿ ಒಂದು ರಾತ್ರಿ ಹೊರಗೇ ನಿಂತಿದ್ದೆ. "ನಿಮ್ಮ ಸೇಫ್ಟಿಗೇ ಮಾಡಿದ್ದು" ಅನ್ನುತ್ತಾರೆ.

ಉತ್ತರ: ರಾತ್ರಿ ಹತ್ತು ಗಂಟೆಗೆ ಹುಡುಗಿಯನ್ನು ಬೀದಿಯಲ್ಲಿ ನಿಲ್ಲಿಸುವ ಸೇಫ್ಟಿ!

ನಿಮ್ಮದೇ ಪ್ರಶ್ನೆ ಪಕ್ಕದ ಕೇರಳದಲ್ಲಿ ಕೋರ್ಟಿನವರೆಗೆ ಹೋಗಿತ್ತು. ಕೋಯಿಕ್ಕೋಡಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲಿಗೆ ಇದೇ ಒಂಬತ್ತೂವರೆಯ ಬೀಗ. 2022ರಲ್ಲಿ ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋದರು. ಬರೀ ಹುಡುಗಿಯರನ್ನು ಯಾಕೆ ಒಳಗೆ ಕೂಡಿಹಾಕುತ್ತೀರಿ ಅಂತ ನ್ಯಾಯಮೂರ್ತಿಗಳು ನೇರವಾಗಿ ಕೇಳಿದರು. ಕೊನೆಗೆ ಸರ್ಕಾರ ಹುಡುಗ ಹುಡುಗಿ ಇಬ್ಬರಿಗೂ ಒಂದೇ ನಿಯಮ ಅಂತ ಆದೇಶ ಹೊರಡಿಸಬೇಕಾಯಿತು. ಅದು ಸರ್ಕಾರಿ ಹಾಸ್ಟೆಲ್, ನಿಮ್ಮದು ಖಾಸಗಿ ಪಿಜಿ, ಆ ತೀರ್ಪು ನೇರವಾಗಿ ನಿಮ್ಮ ಓನರ್‌ಗೆ ತಗುಲುವುದಿಲ್ಲ. ಆದರೆ ಪ್ರಶ್ನೆ ತಗುಲುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಕರ್ನಾಟಕದಲ್ಲಿ ಅಂಗಡಿ ಮತ್ತು ಕಚೇರಿಗಳಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡಬಹುದು. ಆದರೆ ಅವರನ್ನು ಕರೆದೊಯ್ದು ಬಿಡುವ ಗಾಡಿ, ಕಾವಲು, ಇವೆಲ್ಲ ಮಾಲೀಕರ ಹೊಣೆ. ಅಲ್ಲಿ ಅಪಾಯ ಇದೆ ಅಂತ ಒಪ್ಪಿಕೊಂಡು ಹೊರೆಯನ್ನು ಕಂಪನಿಯ ಮೇಲೆ ಹಾಕಿದ್ದಾರೆ. ಪಿಜಿಯಲ್ಲಿ ಅದೇ ಅಪಾಯ ತೋರಿಸಿ ಹೊರೆಯನ್ನು ನಿಮ್ಮ ಮೇಲೆ ಹಾಕಿದ್ದಾರೆ. ಓನರ್‌ಗೆ ಖರ್ಚಿಲ್ಲ, ಒಂದು ಬೀಗ ಸಾಕು. ನಿಜವಾಗಿ ಕಾಳಜಿ ಇದ್ದರೆ ರಾತ್ರಿ ಗೇಟಿನಲ್ಲಿ ಒಬ್ಬರನ್ನು ಕೂರಿಸಬೇಕು, ಬಸ್ ಸ್ಟಾಪಿನಿಂದ ಬರುವ ಗಲ್ಲಿಗೆ ದೀಪ ಹಾಕಿಸಲು ಓಡಾಡಬೇಕು.

ನೀವೆಲ್ಲ ಸೇರಿ ಒಂದು ಪತ್ರ ಬರೆಯಿರಿ. ನಿಯಮವನ್ನು ಬರೆದು ಕೊಡಿ, ತಡವಾದರೆ ಒಳಗೆ ಬಿಡುವುದು ಯಾರ ಕೆಲಸ ಅಂತಲೂ ಅದರಲ್ಲಿರಲಿ ಅಂತ ಕೇಳಿ. "ತಡವಾಗಿ ಬಂದರೆ ರಾತ್ರಿ ಪೂರ್ತಿ ಹೊರಗಿಡುತ್ತೇವೆ" ಅಂತ ಕಾಗದದ ಮೇಲೆ ಬರೆದು ಸಹಿ ಹಾಕುವ ಧೈರ್ಯ ಯಾವ ಓನರ್‌ಗೂ ಇರುವುದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): ರಾತ್ರಿ ಸ್ಕೂಟರಿನಲ್ಲಿ ಬರುವಾಗ ತಡೆದು ಲೈಸೆನ್ಸ್ ನೋಡಿದರು, ಸರಿ. ಆಮೇಲೆ ಮೊಬೈಲ್ ಕೊಡು, ವಾಟ್ಸ್‌ಆ್ಯಪ್ ತೆಗಿ ಅಂದರು. ಕೊಟ್ಟೆ. ಏನೂ ಸಿಗಲಿಲ್ಲ, ಬಿಟ್ಟರು. ಕೊಡಲ್ಲ ಅನ್ನಬಹುದಿತ್ತಾ?

ಉತ್ತರ: ಅನ್ನಬಹುದಿತ್ತು. ಅನ್ನುವುದು ಎಷ್ಟು ಸುಲಭ ಅನ್ನುವುದು ಬೇರೆ ಮಾತು. ನಡುರಾತ್ರಿ, ಒಬ್ಬರೇ, ಎದುರಿಗೆ ನಾಲ್ಕು ಜನ ಖಾಕಿಯವರು. ನೀವು ಕೊಟ್ಟಿದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಲೈಸೆನ್ಸ್, ಆರ್‌ಸಿ ಕೇಳುವುದು ಅವರ ಹಕ್ಕು. ಕುಡಿದಿರಬಹುದು ಅನಿಸಿದರೆ ಊದಿಸುವುದೂ ಹಕ್ಕು, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಕೇಸು. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ, ಕುಡಿದು ಓಡಿಸುವವರು ಕೊಲ್ಲುವುದು ಬೇರೆಯವರನ್ನೂ ಸೇರಿಸಿ. ಊದಿದ ಗಾಳಿಯಲ್ಲಿ ಒಂದೇ ಒಂದು ಸಂಗತಿ ಗೊತ್ತಾಗುತ್ತದೆ. ಮೊಬೈಲಿನಲ್ಲಿ ನಿಮ್ಮ ಇಡೀ ಜೀವನ ಇರುತ್ತದೆ, ನಿಮ್ಮದಷ್ಟೇ ಅಲ್ಲ, ನಿಮ್ಮ ಗೆಳತಿಯದು, ಅಪ್ಪನ ಆಸ್ಪತ್ರೆ ಚೀಟಿ, ಆಫೀಸಿನ ಕಾಗದ, ಎಲ್ಲ. 2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಇದೇ ವಿಷಯವನ್ನು ಎಳೆಎಳೆಯಾಗಿ ನೋಡಿತು. ಫೋನ್ ಶೋಧಿಸಬೇಕಾದರೆ ಕೋರ್ಟಿನ ವಾರಂಟ್ ಬೇಕು, ತೀರಾ ತುರ್ತು ಇದ್ದರೆ ವಾರಂಟ್ ಇಲ್ಲದೆಯೂ ಆಗಬಹುದು, ಆದರೆ ಕಾರಣವನ್ನು ಬರೆದಿಡಬೇಕು ಅಂತ ಹೇಳಿತು. ಅದೇ ತೀರ್ಪಿನಲ್ಲಿ ನಿಮಗೆ ಹಿಡಿಸದ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೋರ್ಟು ಆದೇಶ ಮಾಡಿದರೆ ಪಾಸ್‌ವರ್ಡ್ ಕೊಡಬೇಕು, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗೆ ಆಗುವುದಿಲ್ಲ ಅಂತಲೂ ಹೇಳಿತು.

ಅಂದರೆ ಫೋನ್ ಯಾವತ್ತೂ ಮುಟ್ಟುವಂತಿಲ್ಲ ಅಂತ ಅಲ್ಲ. ರಸ್ತೆ ಬದಿಯಲ್ಲಿ, ಕೇಸಿಲ್ಲದೆ, ಕಾಗದವಿಲ್ಲದೆ, ಸಿಕ್ಕರೆ ಸಿಗಲಿ ಅಂತ ಕೆದಕುವಂತಿಲ್ಲ. ಮುಂದಿನ ಸಲಕ್ಕೆ ಒಂದು ಉಪಾಯ: ಡಿಜಿಲಾಕರ್‌ನಲ್ಲಿ ದಾಖಲೆ ತೋರಿಸುವಾಗ ಫೋನನ್ನು ನಿಮ್ಮ ಕೈಯಲ್ಲೇ ಹಿಡಿದು ಪರದೆ ತೋರಿಸಿ. ಫೋನ್ ಬೇಕು ಅಂದರೆ "ಸಾರ್, ಯಾವ ಕೇಸು, ನೋಟಿಸ್ ಕೊಡಿ, ಬೆಳಿಗ್ಗೆ ಠಾಣೆಗೆ ಬರ್ತೀನಿ" ಅಂತ ಮೆತ್ತಗೆ ಹೇಳಿ. ಮೆತ್ತಗೆ ಅನ್ನುವುದು ಮುಖ್ಯ.

ಪ್ರಶ್ನೆ (ತುಮಕೂರಿನಿಂದ): ಸಿಂಗಪುರದಲ್ಲಿ ಚೂಯಿಂಗ್ ಗಮ್ ಮಾರುವಂತಿಲ್ಲವಂತೆ. ಅಂಥ ಶಿಸ್ತು ಬಂದರೆ ನಮ್ಮ ದೇಶವೂ ಉದ್ಧಾರ ಆಗುತ್ತದೆ, ಅಲ್ವಾ?

ಉತ್ತರ: 1992ರಿಂದ ಇಲ್ಲ. 2004ರಿಂದ ಹಲ್ಲಿಗೆ, ಸಿಗರೇಟು ಬಿಡುವುದಕ್ಕೆ ಬಳಸುವ ಗಮ್ ಸಿಗುತ್ತದೆ. ಆದರೆ ಅವರು ಬರೀ ನಿಷೇಧದಿಂದ ಅಲ್ಲಿಗೆ ಮುಟ್ಟಿದವರಲ್ಲ, ಫುಟ್‌ಪಾತು, ಬಸ್ಸು, ಮನೆ, ಎಲ್ಲ ಕಟ್ಟಿಕೊಟ್ಟರು. ನಮ್ಮಲ್ಲಿ ಗುಟ್ಕಾ ಉಗಿಯಬೇಡಿ ಅನ್ನುವ ಬೋರ್ಡಿನ ಮೇಲೇ ಉಗಿದಿರುತ್ತಾರೆ. ಮೊದಲು ಫುಟ್‌ಪಾತ್ ಕೊಡಿ, ಗಮ್ ವಿಚಾರ ಆಮೇಲೆ ನೋಡೋಣ.

ಪ್ರಶ್ನೆ (ಬೆಂಗಳೂರಿನಿಂದ): ಪ್ರತಿಭಟನೆ ಅಂತ ರಸ್ತೆ ತಡೆದರೆ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ, ಕೂಲಿಗೆ ಹೋಗುವವರ ದಿನ ಹಾಳು. ಫ್ರೀಡಂ ಪಾರ್ಕಿನಲ್ಲೇ ಮಾಡಿ ಅಂದರೆ ತಪ್ಪೇನು?

ಉತ್ತರ: ಆಂಬುಲೆನ್ಸಿನ ಮಾತು ನಿಜ. ಅದಕ್ಕೆ ಎದುರಾಡಲಾರೆ. ಸುಪ್ರೀಂ ಕೋರ್ಟು ಕೂಡ 2020ರ ಅಕ್ಟೋಬರಿನಲ್ಲಿ ದೆಹಲಿಯ ಶಾಹೀನ್ ಬಾಗ್ ಧರಣಿಯ ವಿಷಯದಲ್ಲಿ ಸಾರ್ವಜನಿಕ ರಸ್ತೆಯನ್ನು ಕೊನೆಯಿಲ್ಲದೆ ಹಿಡಿದು ಕೂರುವಂತಿಲ್ಲ ಅಂದಿದೆ. ಆದರೆ ಅದೇ ಕೋರ್ಟು 2018ರಲ್ಲಿ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಯನ್ನು ಪೂರ್ತಿ ನಿಷೇಧ ಮಾಡುವುದೂ ಆಗದು, ಪ್ರತಿಭಟನೆಗೂ ಸುತ್ತಲಿನವರ ನೆಮ್ಮದಿಗೂ ಜಾಗ ಮಾಡಿ ಅಂದಿತ್ತು. ಬೆಂಗಳೂರಿನಲ್ಲಿ 2021ರಲ್ಲಿ ಬಂದ ಆದೇಶದ ಪ್ರಕಾರ ಪ್ರತಿಭಟನೆಗೆ ಇರುವುದು ಫ್ರೀಡಂ ಪಾರ್ಕ್ ಒಂದೇ.

ಆ ಜಾಗದ ಕಥೆ ಗೊತ್ತಲ್ಲ? ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ, ದೇಶದ ಸುರಕ್ಷತೆ ಅನ್ನುವ ಹೆಸರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟಿದ್ದು ಅಲ್ಲೇ. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಇಟ್ಟಿದ್ದೂ ಅಲ್ಲೇ. ಅಸ್ತಮಾ ಇದ್ದ ಅವರಿಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಜೈಲನ್ನೇ ಪಾರ್ಕು ಮಾಡಿ, ಕೂಗುವುದಿದ್ದರೆ ಇದರೊಳಗೇ ಕೂಗಿ ಅಂದಿದ್ದಾರೆ. ನನಗೆ ಪ್ರತಿ ಸಲವೂ ಅದು ಚುಚ್ಚುತ್ತದೆ.

ಒಳಗೆ ಕೂಗಿದರೆ ಕೇಳುವುದು ಯಾರಿಗೆ? 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಭವಿಷ್ಯ ನಿಧಿಯ ದುಡ್ಡು ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಸಂಘ ಕರೆದದ್ದಲ್ಲ, ತಾವಾಗಿ ಬಂದವರು. ಎರಡು ದಿನ ನಗರ ನಿಂತಿತು. ಬಸ್ಸಿಗೆ ಬೆಂಕಿ ಬಿತ್ತು, ಕಲ್ಲು ತೂರಾಟ ಆಯಿತು, ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಎರಡನೇ ದಿನವೇ ಕೇಂದ್ರ ಆ ನಿಯಮ ವಾಪಸ್ ತಗೊಂಡಿತು. ತಿಂಗಳ ಸಂಬಳದಲ್ಲಿ ಮುರಿದಿಟ್ಟ ಅವರದೇ ದುಡ್ಡು ಅದು. ಪಾರ್ಕಿನ ಬೇಲಿಯೊಳಗೆ ಕೂತಿದ್ದರೆ ಅಷ್ಟು ಬೇಗ ದೆಹಲಿಗೆ ಕೇಳಿಸುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಕಡೆ ನೋಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದು ಪ್ರತಿಭಟನೆ ಅಲ್ಲ, ವಿಜಯೋತ್ಸವ. ಜನ ಸೇರುವುದು ಅಪಾಯ ಅನ್ನುವುದಾದರೆ ಅಪಾಯ ಘೋಷಣೆಯಲ್ಲಿ ಇಲ್ಲ, ಬಾಗಿಲು ಎಷ್ಟಿವೆ, ದಾರಿ ಎಷ್ಟು ಅಗಲ, ಯಾರು ಎಣಿಸುತ್ತಿದ್ದಾರೆ ಅನ್ನುವುದರಲ್ಲಿ ಇದೆ. ಸಿಟ್ಟಿನಿಂದ ಸೇರುವವರಿಗೆ ಒಂದು ಕಾನೂನು, ಸಂತೋಷದಿಂದ ಸೇರುವವರಿಗೆ ಇನ್ನೊಂದು ಆದರೆ ಅದನ್ನು ಸುರಕ್ಷತೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ 144ನೇ ಸೆಕ್ಷನ್ ಹಾಕಿದ್ದರಲ್ಲ, ಪೌರತ್ವ ಕಾಯ್ದೆ ವಿರುದ್ಧದ ಸಭೆಗಳ ಸಮಯದಲ್ಲಿ, ಆ ಆದೇಶ ಕಾನೂನಿಗೆ ತಕ್ಕಂತೆ ಇಲ್ಲ ಅಂತ ನಮ್ಮ ಹೈಕೋರ್ಟು 2020ರ ಫೆಬ್ರುವರಿಯಲ್ಲಿ ಹೇಳಿತು. ತೀರ್ಪು ಬಂತು, ಆದರೆ ಸಭೆಯ ದಿನ ಕಳೆದುಹೋಗಿತ್ತು. ಈಗ ಆ ಸೆಕ್ಷನ್ನಿನ ನಂಬರು 163, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ. ಕೆಲಸ ಅದೇ.

ಪ್ರಶ್ನೆ (ಹಾಸನದಿಂದ): ಕೋವಿಡ್ ಸಮಯದಲ್ಲಿ ನಮ್ಮ ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಕಾಯಿಲೆ ಹೋಯಿತು, ಬೀದಿಯವರ ನೋಟ ಹೋಗಲಿಲ್ಲ. ಆಗಿನದೆಲ್ಲ ಬೇಕಿತ್ತಾ?

ಉತ್ತರ: ಮನೆಯಲ್ಲಿ ಇರಿ ಅಂದದ್ದು ಬೇಕಿತ್ತು. ಅಂಟುವ ರೋಗಕ್ಕೆ ಹೆಲ್ಮೆಟ್ಟಿನ ವಾದ ನಡೆಯುವುದಿಲ್ಲ, ನಿಮ್ಮ ಉಸಿರು ಪಕ್ಕದವರಿಗೂ ತಾಗುತ್ತದೆ. ಆದರೆ ಬಾಗಿಲಿಗೆ ಅಂಟಿಸಿದ ಚೀಟಿ ರೋಗವನ್ನು ತಡೆಯಲಿಲ್ಲ, ನೆರೆಹೊರೆಯನ್ನು ತಡೆಯಿತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಂಬಂಧಪಟ್ಟ ಅಧಿಕಾರಿಯ ನಿರ್ದಿಷ್ಟ ಆದೇಶ ಇಲ್ಲದೆ ಹಾಗೆ ಪೋಸ್ಟರ್ ಅಂಟಿಸುವಂತಿಲ್ಲ ಅಂದಿತು. ಅಷ್ಟರಲ್ಲಿ ನಮ್ಮ ರಾಜ್ಯದಲ್ಲಿ ವಿದೇಶದಿಂದ ಬಂದವರ ವಿಳಾಸದ ಪಟ್ಟಿ ಹೊರಗೆ ಹಾಕಿಯಾಗಿತ್ತು, ಕೈಗೆ ಮುದ್ರೆ ಒತ್ತಿಯಾಗಿತ್ತು, ಕ್ವಾರಂಟೈನ್ ವಾಚ್ ಆ್ಯಪಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಿ ಅಂದಿದ್ದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ನಿದ್ದೆಗೆ ರಜೆ.

ಭಯದಲ್ಲಿ ಮಾಡಿದ್ದು, ಅದನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ. ನನ್ನ ತಕರಾರು ಆಮೇಲಿನದ್ದು. ಆ ವಿಳಾಸಗಳು, ಆ ಸೆಲ್ಫಿಗಳು ಎಲ್ಲಿ ಹೋದವು, ಅಳಿಸಿದರಾ, ಯಾರು ಅಳಿಸಿದರು? ತುರ್ತಿಗೆ ಅಂತ ಪಡೆದದ್ದಕ್ಕೆ ಅಳಿಸುವ ದಿನವನ್ನೂ ಮೊದಲೇ ಬರೆದಿರಬೇಕು. 1897ರಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ನಾಲ್ಕೇ ಕಲಂಗಳದ್ದು, ಅದನ್ನೇ 2020ರಲ್ಲೂ ತೆಗೆದು ಬಳಸಿದರು. ಆ ಕಾಯ್ದೆಯ ಬಲದಲ್ಲಿ ಪುಣೆಯಲ್ಲಿ ಸಿಪಾಯಿಗಳು ಮನೆಗಳಿಗೆ ನುಗ್ಗಿ ಶೋಧಿಸಿದ್ದಕ್ಕೆ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದರು. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಇಲ್ಲಿ ಉಳಿದದ್ದು ಪ್ಲೇಗಮ್ಮನ ಗುಡಿಗಳು, ಮತ್ತು ಗಾಳಿ ಬೆಳಕಿಗೆ ಅಂತ ಅಗಲ ರಸ್ತೆ ಇಟ್ಟು ಬೆಳೆಸಿದ ಬಸವನಗುಡಿ, ಮಲ್ಲೇಶ್ವರ. ಜನರ ಮೇಲೆ ಬೀಳುವ ಬದಲು ಊರನ್ನು ಸರಿ ಮಾಡುವುದೂ ಸುರಕ್ಷತೆಯೇ.

ಲಸಿಕೆ ಬಗ್ಗೆಯೂ ಕೇಳಿದ್ದೀರಿ. ಯಾರಿಗೂ ಬಲವಂತವಾಗಿ ಚುಚ್ಚುವಂತಿಲ್ಲ ಅಂತ ಸುಪ್ರೀಂ ಕೋರ್ಟು 2022ರ ಮೇ 2ರಂದು ಹೇಳಿದೆ. ಹಾಕಿಸಿಕೊಂಡವರು ಒಳ್ಳೆಯದೇ ಮಾಡಿದರು ಅಂತ ನಾನು ಹೇಳುತ್ತೇನೆ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ರಾತ್ರಿ ಒಂದು ಗಂಟೆಗೆ ಮೈಕು. ದೇವರ ಕೆಲಸ, ಹೇಗೆ ಬೇಡ ಅನ್ನಲಿ?

ಉತ್ತರ: 112ಕ್ಕೆ ಫೋನ್ ಮಾಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಕ್ಕೆ ಅಂತ ಸರ್ಕಾರ ವಿನಾಯ್ತಿ ಕೊಟ್ಟರೂ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ 12ರವರೆಗೆ. ಇದು ಎಲ್ಲ ದೇವರಿಗೂ, ಮದುವೆ ಮನೆಯ ಡಿಜೆಗೂ, ರಾಜಕೀಯ ಪಕ್ಷಗಳಿಗೂ ಒಂದೇ. ನಮ್ಮ ದೇವರಿಗೆ ರಿಯಾಯಿತಿ, ಅವರ ದೇವರಿಗೆ ಕೇಸು ಅನ್ನುವವರ ಪತ್ರವೂ ಬಂದಿದೆ, ಅದಕ್ಕೆ ಉತ್ತರ ಬರೆಯುವುದಿಲ್ಲ.

ಪ್ರಶ್ನೆ (ಧಾರವಾಡದಿಂದ, ತಾಯಿ): ಮಗಳಿಗೆ 19 ವರ್ಷ, ಹೊರಗೆ ಓದುತ್ತಿದ್ದಾಳೆ. ಅವಳಿಗೆ ಗೊತ್ತಾಗದ ಹಾಗೆ ಫೋನಿನಲ್ಲಿ ಲೊಕೇಶನ್ ಆ್ಯಪ್ ಹಾಕಿದ್ದೇನೆ. ತಪ್ಪಾ?

ಉತ್ತರ: ಭಯ ತಪ್ಪಲ್ಲ, ಗೊತ್ತಾಗದ ಹಾಗೆ ಹಾಕಿದ್ದು ತಪ್ಪು. ಅವಳು ವಯಸ್ಕಳು, ಮತ ಹಾಕುವವಳು. ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ನಿಜವಾಗಿ ತೊಂದರೆಯಾದ ರಾತ್ರಿ ಅವಳು ನಿಮಗೆ ಫೋನ್ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾಳೆ, ಆ ಎರಡು ಸಲವೇ ಅಪಾಯ. ಈ ವಾರವೇ ಹೇಳಿಬಿಡಿ. ಬೇಕಾದರೆ ತಡರಾತ್ರಿ ಪ್ರಯಾಣದ ಹೊತ್ತಿಗೆ ಮಾತ್ರ ಅವಳೇ ಲೊಕೇಶನ್ ಕಳಿಸಲಿ, ನೀವೂ ನಿಮ್ಮದನ್ನು ಕಳಿಸಿ. ನೀವು ಎಲ್ಲಿದ್ದೀರಿ ಅಂತ ಅವಳಿಗೂ ಚಿಂತೆ ಇರಬಹುದು.

ಪ್ರಶ್ನೆ (ಬೆಂಗಳೂರಿನಿಂದ, ಅಪಾರ್ಟ್‌ಮೆಂಟ್ ಸಂಘದವರು): ನಮ್ಮಲ್ಲಿ ಎರಡು ಮೂರು ಕಳ್ಳತನ ಆದ ಮೇಲೆ ಮನೆಕೆಲಸದವರ ಬ್ಯಾಗ್ ತಪಾಸಣೆ, ಬೆರಳಚ್ಚು, ಆ್ಯಪಿನಲ್ಲಿ ಫೋಟೊ ಎಲ್ಲ ಶುರು ಮಾಡಿದ್ದೇವೆ. ಕೆಲವು ನಿವಾಸಿಗಳು ಇದು ಅವಮಾನ ಅನ್ನುತ್ತಾರೆ. ಸುರಕ್ಷತೆ ಬೇಡವೇ?

ಉತ್ತರ: ಬೇಕು. ಆದರೆ ಬ್ಯಾಗ್ ತಪಾಸಣೆ ಅಂದಮೇಲೆ ಸಂಘದ ಅಧ್ಯಕ್ಷರ ಬ್ಯಾಗನ್ನೂ ಗೇಟಿನಲ್ಲಿ ಬಿಚ್ಚಿಸುತ್ತೀರಾ? ಇಲ್ಲ ಅನ್ನುವುದಾದರೆ ನೀವು ಹುಡುಕುತ್ತಿರುವುದು ಕಳ್ಳರನ್ನಲ್ಲ, ಬಡವರನ್ನು. ಕಳುವಾದದ್ದು ಏನು, ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಪೊಲೀಸ್ ದೂರು ಕೊಟ್ಟಿರಾ ಅನ್ನುವುದೂ ಇಲ್ಲ.

ಬಂದು ಹೋದ ಸಮಯ ಬರೆದುಕೊಳ್ಳುವುದು ಸರಿ, ಎಲ್ಲರಿಗೂ ಇರಲಿ, ಅತಿಥಿಗಳಿಗೂ ಡೆಲಿವರಿಯವರಿಗೂ. ಬೆರಳಚ್ಚು ಬೇಡ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗುವುದಿಲ್ಲ. ಆ ಆ್ಯಪಿನವರು ಅದನ್ನು ಎಲ್ಲಿ ಇಡುತ್ತಾರೆ, ಕೆಲಸ ಬಿಟ್ಟು ಹೋದವರದನ್ನು ಅಳಿಸುತ್ತಾರಾ ಅಂತ ನಿಮ್ಮ ಸಂಘದಲ್ಲಿ ಒಬ್ಬರಿಗಾದರೂ ಗೊತ್ತಿದೆಯೇ? ಕೆಲವು ಆ್ಯಪುಗಳಲ್ಲಿ ಕೆಲಸದವರಿಗೆ ನಕ್ಷತ್ರ ಕೊಟ್ಟು ಅಳೆಯುವ ವ್ಯವಸ್ಥೆಯೂ ಇರುತ್ತದೆ. ಒಬ್ಬರ ಮನೆಯಲ್ಲಿ ಸಂಬಳದ ಜಗಳ ಆದರೆ ಇಡೀ ಕಟ್ಟಡದಲ್ಲಿ ಅವರ ಅನ್ನ ಹೋಗುತ್ತದೆ, ತಿರುಗಿ ಹೇಳಿಕೊಳ್ಳಲು ಅವರಿಗೆ ಜಾಗವೇ ಇಲ್ಲ. ಅದನ್ನು ಮೊದಲು ನಿಲ್ಲಿಸಿ.

ಮುಂದಿನ ಸಭೆಗೆ ಕೆಲಸದವರಲ್ಲಿ ಇಬ್ಬರನ್ನು ಕರೆಯಿರಿ. ಕುರ್ಚಿ ಹಾಕಿ ಕೂರಿಸಿ. ಹಿಂದಿನ ಗೇಟು ರಾತ್ರಿ ಎಷ್ಟು ಹೊತ್ತು ತೆರೆದಿರುತ್ತದೆ, ಯಾವ ಬ್ಲಾಕಿನ ಮೆಟ್ಟಿಲಲ್ಲಿ ದೀಪ ಇಲ್ಲ, ಯಾರು ಹೊಸದಾಗಿ ಓಡಾಡುತ್ತಿದ್ದಾರೆ, ಇದೆಲ್ಲ ನಿಮ್ಮ ಸಮಿತಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.